ಟ್ರಾಕ್ಟರ್ ಅಣ್ಣನಿಗೆ, ರೋಟವೇಟರ್ ತಮ್ಮನಿಗೆ

ತಮ್ಮನ ಬಾಡಿಗೆ ಟ್ರಾಕ್ಟರ್ ಕಪ್ಪು ಹೊಗೆ ಕಾರಿ ಮತ್ತೆ ನಿಂತುಬಿಟ್ಟಾಗ, ಪಕ್ಕದ ಹೊಲದಲ್ಲಿದ್ದ ಅಣ್ಣನಿಗೆ ತಡೆಯಲಾಗಲಿಲ್ಲ. ಮನೆ ಪಾಲಾದಾಗ ದೊಡ್ಡ ಟ್ರಾಕ್ಟರನ್ನು ಅಣ್ಣ ಇಟ್ಟುಕೊಂಡಿದ್ದ. ಅದರ ಹಿಂದೆ ಕಟ್ಟಿ ಮಣ್ಣು ಪುಡಿಮಾಡುವ ಏಳಡಿ ರೋಟವೇಟರನ್ನು ತಮ್ಮ ಹಟ ಹಿಡಿದು ಬಿಚ್ಚಿಸಿಕೊಂಡು ಹೋಗಿದ್ದ. ಆಮೇಲೆ ಇಬ್ಬರಿಗೂ ಮಾತಿಲ್ಲ. ಈಗ ಅಣ್ಣ ಟ್ರಾಕ್ಟರ್ ಏರಿ ಬದು ದಾಟಿ ಬಂದ.

"ಆ ಪುಟಾಣಿ ಇಂಜಿನ್‌ಗೆ ಇಷ್ಟಗಲದ್ದು ಕಟ್ಟಿದೀಯಲ್ಲೋ! ಅದೂ ಮೂರನೇ ಗೇರಲ್ಲಿ. ಉಸಿರು ಕಟ್ಟಿ ಸಾಯುತ್ತೆ ಕಣೋ, ಪಾಪ."

"ಆಡ್ಕೊಂಡು ನಗೋಕೆ ಬಂದ್ಯಾ?" ತಮ್ಮ ಮುಖ ತಿರುಗಿಸಿದ.

ಅಣ್ಣ ಮಂಡಿಯೂರಿ ಕೂತು ರೋಟವೇಟರ್ ಬಿಚ್ಚಿ, ತನ್ನ ಟ್ರಾಕ್ಟರಿಗೆ ಜೋಡಿಸಿದ. ಪಿನ್ನುಗಳು ಹಳೇ ತೂತಿನಲ್ಲಿ ಸಲೀಸಾಗಿ ಕೂತವು. ಮೇಲೆದ್ದು, ಮಣ್ಣಾದ ಕೈಯಲ್ಲೇ ಕೀಲಿ ಚಾಚಿದ. "ಹಿಡಿ. ಮೊದಲನೇ ಗೇರಲ್ಲೇ ಹೋಗು. ಹೊಲ ಮುಗಿದ ಮೇಲೆ ತಂದ್ಕೊಡು."

ತಮ್ಮ ಕೀಲಿಯನ್ನೇ ನೋಡಿದ. ತೆಗೆದುಕೊಳ್ಳಲಿಲ್ಲ. ಅಣ್ಣನ ಟ್ರಾಕ್ಟರ್ ಹತ್ತಿ, ಚಿಕ್ಕಂದಿನಲ್ಲಿ ಕೂರುತ್ತಿದ್ದ ಎಡಗಡೆಯ ಮಡ್‌ಗಾರ್ಡ್ ಮೇಲೆ ಹೋಗಿ ಕೂತ.

ಅಣ್ಣ ಸೀಟಿಗೇರಿದ. ಟ್ರಾಕ್ಟರ್ ನಿಧಾನವಾಗಿ ಹೊರಟಿತು; ಹಿಂದೆ ಹೆಂಟೆಗಳೆಲ್ಲ ಪುಡಿಯಾಗಿ ಉದುರತೊಡಗಿದವು.

"ಗಟ್ಟಿಯಾಗಿ ಹಿಡ್ಕೋ," ಎಂದ, ನಲವತ್ತು ದಾಟಿದ ತಮ್ಮನಿಗೆ.