ಒಳಚಿಲಕ

ಮೇಸ್ತ್ರಿ ಮಾತ್ರೆಯನ್ನು ನುಂಗಲಿಲ್ಲ. ನಾಲಿಗೆಯಡಿ ಒತ್ತಿಟ್ಟುಕೊಂಡು ನೀರು ಕುಡಿದ.

“ಎಲ್ಲಿ, ಬಾಯಿ ತೆಗೀರಿ ನೋಡೋಣ,” ಅಂದಳು ಹೆಂಡತಿ.

ತೆಗೆದ. ಅವಳು ಇಣುಕಿ ನೋಡಿ, ಸಮಾಧಾನವಾಗಿ ಹೊಲಿಗೆ ಯಂತ್ರದ ಮುಂದೆ ಕೂತಳು. ಮೇಸ್ತ್ರಿ ಬಚ್ಚಲಿಗೆ ಹೋಗಿ ಉಗುಳಿ ನಲ್ಲಿ ತಿರುಗಿಸಿದ. ಇದು ಮೂರನೆಯ ದಿನ.

ಅವನ ಕಸುಬು ಸುರಂಗ ಕೊರೆಯುವುದು. ನಾಲ್ಕು ತಿಂಗಳ ಹಿಂದೆ ಸುರಂಗ ಕುಸಿದು ಅವನೂ ಜೊತೆಗಾರನೊಬ್ಬನೂ ಮಣ್ಣಿನಡಿ ಸಿಕ್ಕಿಕೊಂಡಿದ್ದರು. ಕತ್ತಲಲ್ಲಿ ಕೈಗೆ ಸಿಕ್ಕ ಜೊತೆಗಾರನ ಕಾಲರನ್ನು ಮೇಸ್ತ್ರಿ ಹತ್ತೊಂಬತ್ತು ಗಂಟೆ ಬಿಡಲಿಲ್ಲ. ಹೊರಗೆ ತೆಗೆದಾಗ ಉಸಿರಿದ್ದದ್ದು ಇವನೊಬ್ಬನಿಗೇ. ಆಮೇಲೆ ನಿದ್ದೆಯಲ್ಲಿ ಚೀರುವುದು, ಹಗಲಲ್ಲಿ ಬೆವರುವುದು. “ತಾನೇ ಸರಿಹೋಗುತ್ತೆ ಬಿಡೇ,” ಎನ್ನುತ್ತಿದ್ದ. ಒಂದು ದಿನ ಬೆಳಗ್ಗೆ ಹೆಂಡತಿ ಹಟ ಹಿಡಿದು, ಒಲೆಯನ್ನೂ ಹಚ್ಚದೆ ಡಾಕ್ಟರ ಬಳಿಗೆ ಎಳೆದೊಯ್ದಳು. ಮಾತ್ರೆ ಶುರುವಾಯಿತು. ಚೀರಾಟ ನಿಂತಿತು. ಮೇಸ್ತ್ರಿ ಕೊರಡಿನಂತೆ ಮಲಗತೊಡಗಿದ.

ಚೇತರಿಸಿಕೊಂಡ ಮೇಲೆಯೇ ಹೆಂಡತಿಯ ರೀತಿ ಅವನ ಕಣ್ಣಿಗೆ ಬಿದ್ದದ್ದು.

ಮಲಗುವುದು ಪಕ್ಕದ ಕೋಣೆಯಲ್ಲಿ, ಒಳಚಿಲಕ ಹಾಕಿಕೊಂಡು. ಕೇಳಿದರೆ, “ನಿಮ್ಮ ನಿದ್ದೆ ಯಾಕೆ ಕೆಡಿಸಲಿ ಅಂತ.” ಭುಜ ಮುಟ್ಟಿದರೆ ಬೆಚ್ಚಿಬೀಳುತ್ತಾಳೆ. ಸೆಖೆಯಲ್ಲೂ ಕತ್ತು ಮುಚ್ಚುವ ಅಂಗಿ. ಬುಧವಾರ ಬಂತೆಂದರೆ, ಬಟ್ಟೆ ಕೊಟ್ಟು ಬರ್ತೀನಿ ಅಂತ ಹೊರಡುತ್ತಾಳೆ. ಹೊಲಿದ ಬಟ್ಟೆ ಮೇಜಿನ ಮೇಲೆಯೇ ಬಿದ್ದಿರುತ್ತದೆ. ಮಾತ್ರೆ ಕೊಡುವುದನ್ನು ಮಾತ್ರ ಒಂದು ದಿನವೂ ಮರೆಯುವುದಿಲ್ಲ.

ನನ್ನನ್ನ ನಿದ್ದೆಗೆ ಕೆಡವಿ ಇವಳು ಏನೋ ಆಟ ಆಡ್ತಿದಾಳೆ ಎಂಬ ಹುಳ ತಲೆ ಹೊಕ್ಕಿತು. ಅದಕ್ಕೇ ಈ ಉಗುಳಾಟ.

ಬುಧವಾರ ಬೆನ್ನು ಹತ್ತಿದ. ಮೂರು ಬೀದಿ ದಾಟುವಷ್ಟರಲ್ಲಿ ಅವಳು ಎರಡು ಸಲ ಹಿಂದೆ ತಿರುಗಿ ನೋಡಿದಳು. ಎರಡು ಸಲವೂ ಇವನು ಗೋಡೆಯ ಮರೆಗೆ ಸರಿದ. ಬೇಕರಿಯ ಪಕ್ಕದ ಮೆಟ್ಟಿಲು ಹತ್ತಿದಳು. ಮೇಲೊಂದು ಬೋರ್ಡು: ಮನೋವೈದ್ಯರು. ತನ್ನ ಡಾಕ್ಟರಲ್ಲ, ಇನ್ಯಾರೋ. ಗಂಡನಿಗೆ ಹುಚ್ಚು ಅಂತ ಬರೆಸಿಕೊಳ್ಳೋಕೆ ಬಂದಿದಾಳೆ!

ಬಾಗಿಲು ತಳ್ಳಿಕೊಂಡು ನುಗ್ಗಿದ. ಹೆಂಡತಿ ಕುರ್ಚಿಯಿಂದೆದ್ದು ಗೋಡೆಗೆ ಒತ್ತಿಕೊಂಡಳು.

“ನನ್ನ ಮೇಲೆ ಏನು ಕಥೆ ಕಟ್ತಿದೀಯ ಇಲ್ಲಿ?”

“ಕೂತ್ಕೊಳ್ಳಿ,” ಅಂದರು ಡಾಕ್ಟರಮ್ಮ. “ಇಲ್ಲಿ ಪೇಷಂಟ್ ನೀವಲ್ಲ.”

“ಇವಳಿಗೇನು ಬಂತು? ಮಣ್ಣಲ್ಲಿ ಸಿಕ್ಕಿಹಾಕ್ಕೊಂಡಿದ್ದೋನು ನಾನು!”

ಡಾಕ್ಟರಮ್ಮ ಹೆಂಡತಿಯ ಮುಖ ನೋಡಿದರು. ಅವಳು ತಲೆಯಾಡಿಸಿದಳು. ಮಾತು ಹೊರಟಾಗ ದನಿಯಲ್ಲಿ ಸಿಟ್ಟಿರಲಿಲ್ಲ.

“ಮಾತ್ರೆ ಶುರು ಮಾಡೋ ಹಿಂದಿನ ರಾತ್ರಿ, ನಿದ್ದೆಯಲ್ಲೇ ನನ್ನ ಕತ್ತು ಹಿಡ್ಕೊಂಡ್ರಿ. ‘ಬಿಡಲ್ಲ ಕಣೋ, ನಿನ್ನ ಬಿಡಲ್ಲ’ ಅಂತಿದ್ರಿ. ಎಷ್ಟು ಒದ್ದಾಡಿದರೂ ಕೈ ಸಡಿಲ ಆಗಲಿಲ್ಲ. ಆಮೇಲೆ ನನಗೆ ಎಚ್ಚರ ತಪ್ತು.”

ಮೇಸ್ತ್ರಿ ತನ್ನ ಕೈಗಳನ್ನು ನೋಡಿಕೊಂಡ.

“ಬೆಳಗ್ಗೆ ಎದ್ದು, ಇವತ್ತು ಚೆನ್ನಾಗಿ ನಿದ್ದೆ ಬಂತು ಕಣೇ, ಅಂದ್ರಿ.”