ಬಾಗಿಲ ಮೇಲಿನ ಹಕ್ಕಿ

ಹಸಿ ಪೇಂಟಿನ ವಾಸನೆ ಬಂದರೆ ಈಗಲೂ ಅಮೆರಿಕದ ಪೇರ್‌ಲ್ಯಾಂಡ್ ಊರಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಚಿಕ್ಕಂದಿನಲ್ಲಿ ನನ್ನ ಕೀಟಲೆಗೆ ಇಡೀ ಬೀದಿ ನಡುಗುತ್ತಿತ್ತು. ಪಕ್ಕದ ಮನೆಯ ಮುದುಕ ಅಂಕಲ್, ಯಾರಿಂದಲೂ ಕಲಿಯದೆ, ಗೋಡೆಗೆ ಬಳಿದು ಮಿಕ್ಕ ಪೇಂಟಿನಲ್ಲೇ ಹಕ್ಕಿ ಬರೆಯುತ್ತಿದ್ದರು. ಅವರನ್ನು ಹೆದರಿಸಲೆಂದು ಒಂದು ದಿನ ಅವರ ಶೆಡ್ಡಿನೊಳಗೆ ಬಾಗಿಲು ಮುಚ್ಚಿಕೊಂಡು ಅಡಗಿ ಕೂತೆ. ಅವರು ಬಂದು ಆ ಮುಚ್ಚಿದ ಬಾಗಿಲ ಮೇಲೇ ಹಕ್ಕಿ ಬರೆಯತೊಡಗಿದರು. ಒಂದು ರೆಕ್ಕೆ ಪಕ್ಕದ ಗೋಡೆಗೂ ಹರಡಿತು. ಒಳಗಿದ್ದೇನೆಂದು ನಾನು ಕೂಗಿಕೊಂಡೆ.

"ಬಾಗಿಲು ತಳ್ಳಬೇಡ, ರೆಕ್ಕೆ ಹರಿದುಹೋಗುತ್ತೆ," ಎಂದರು ಇಂಗ್ಲಿಷಿನಲ್ಲಿ.

ಅಷ್ಟರಲ್ಲಿ ಅಮ್ಮ ಹುಡುಕಿಕೊಂಡು ಬಂದಳು.

"ಅಮ್ಮಾ, ಒಣಗೋವರೆಗೂ ಒಳಗೇ ಇರ್ಬೇಕಂತೆ!"

"ಇರು ಪುಟ್ಟೀ, ನಿಧಾನಕ್ಕೆ ಒಣಗ್ಲಿ. ಬೀದಿಯೋರಿಗೂ ಒಂದಿನ ರಜ!"

ಕತ್ತಲಲ್ಲಿ ಬೆವರುತ್ತಾ, ಅಳುತ್ತಾ, ಆ ಹಲಗೆಗೆ ಬೆರಳನ್ನೂ ತಾಗಿಸದೆ ಸಂಜೆಯವರೆಗೆ ಕೂತೆ. ಆ ಬಾಗಿಲಿಗೆ ಚಿಲಕವೇ ಇರಲಿಲ್ಲ.