ನಲವತ್ತು ಗುಂಡಿಗಳ ದಾರಿ

ಹದಿನೇಳನೆಯ ಗುಂಡಿಯನ್ನೂ ಚಾಲಕ ತಪ್ಪಿಸಲಿಲ್ಲ. ಬೇಕೆಂದೇ ಎಡಗಡೆಯ ಚಕ್ರವನ್ನು ಅದಕ್ಕೆ ಇಳಿಸಿದ. ಹಿಂದಿನ ಸೀಟಿನ ಎಡಗಡೆ ಗುತ್ತಿಗೆದಾರ ಕೂತಿದ್ದ.

ಅವನ ತಲೆ ಕಾರಿನ ಚಾವಣಿಗೆ ಬಡಿಯಿತು. "ಏನಯ್ಯಾ, ಕಾರು ಓಡಿಸ್ತಿದೀಯೋ, ಕಲ್ಲು ಕುಟ್ತಿದೀಯೋ?"

"ರಸ್ತೆ ಹಂಗಿದೆ ಸಾರ್," ಎಂದ ಚಾಲಕ. ಮಾತು ಬೆಣ್ಣೆಯಂತಿತ್ತು. ಹೊಟ್ಟೆಯೊಳಗೆ ಮಾತ್ರ ಬೆಂಕಿ.

ಎಂಟು ತಿಂಗಳಿಂದ ಆರದ ಬೆಂಕಿ ಅದು. ತಮ್ಮನ ಲಾರಿ ಹೊಳೆ ದಾಟುವಾಗ ಸೇತುವೆಯೇ ಕುಸಿದಿತ್ತು. ತಮ್ಮನ ಬಲಗಾಲು ಹೋಯಿತು. ಅಷ್ಟು ಸಾಲದೆಂಬಂತೆ ತಪ್ಪೂ ಅವನ ತಲೆಗೇ ಬಂತು. ಅಳತೆ ಮೀರಿ ಭಾರ ಹೇರಿ ಗಟ್ಟಿ ಸೇತುವೆ ಕೆಡವಿದನೆಂದು ಕೇಸು. ಆ ಸೇತುವೆ ಕಟ್ಟಿಸಿದವನು ಇದೇ ಗುತ್ತಿಗೆದಾರ. ಇವತ್ತು ಮಧ್ಯಾಹ್ನ ಮೂರಕ್ಕೆ ಕೋರ್ಟಿನಲ್ಲಿ ಇವನ ಸಾಕ್ಷಿ. ಕೋರ್ಟು ಇವನ ಮಾತು ನಂಬಿದರೆ ತಮ್ಮ ಊರುಗೋಲು ಹಿಡಿದುಕೊಂಡೇ ಜೈಲಿಗೆ ಹೋಗಬೇಕು. ಮೂರು ದಿನದಿಂದ ಅಮ್ಮನ ಗಂಟಲಲ್ಲಿ ತುತ್ತು ಇಳಿದಿಲ್ಲ.

ಈ ಬಾಡಿಗೆ ಇನ್ನೊಬ್ಬ ಚಾಲಕನ ಪಾಲಿನದು. ಅವನ ಕೈಕಾಲು ಹಿಡಿದು ಬದಲಾಯಿಸಿಕೊಂಡಿದ್ದ. ಗುತ್ತಿಗೆದಾರನಿಗೆ ಇವನ ಮುಖದ ಗುರುತಿರಲಿಲ್ಲ. ಕಾರು ಹತ್ತಿದಾಗ ಏನು ಮಾಡಬೇಕೆಂದು ಚಾಲಕನಿಗೂ ತಿಳಿದಿರಲಿಲ್ಲ. ಗುತ್ತಿಗೆದಾರ ತನ್ನ ಹೆಂಡತಿ ಇನ್ನೂ ಮನೆಯ ಮೆಟ್ಟಿಲು ಇಳಿಯುತ್ತಿದ್ದಾಗಲೇ ಕಿಟಕಿಗೆ ಬಾಗಿ ನಾಲ್ಕು ಮಾತು ಎಚ್ಚರಿಕೆ ಹೇಳಿದ್ದ. ಚಾಲಕ "ಹೂಂ ಸಾರ್" ಎಂದಿದ್ದ. ಊರಾಚೆಯ ಕವಲಿನಲ್ಲಿ ಅವನು ನಿಧಾನಿಸಿ ಕನ್ನಡಿ ನೋಡಿದ. ಗುತ್ತಿಗೆದಾರ ಫೋನಿನಲ್ಲಿದ್ದವನು ಮಾತು ನಿಲ್ಲಿಸದೆ ಕೈ ಬೀಸಿದ. ಕಾರು ಎಡಕ್ಕೆ, ಹಳೇ ರಸ್ತೆಗೆ ಹೊರಳಿತು. ಅಷ್ಟು ಹೊತ್ತಿಗೆ ಚಾಲಕನಿಗೆ ತಾನೇನು ಮಾಡಬೇಕೆಂಬುದು ತಿಳಿದಿತ್ತು.

"ಹೊಸ ರಸ್ತೇಲಿ ಬಂದಿದ್ರೆ ಇಷ್ಟೊತ್ತಿಗೆ ತಲುಪಿ ಊಟಕ್ಕೆ ಕೂತಿರ್ತಿದ್ವಿ," ಗುತ್ತಿಗೆದಾರನ ಹೆಂಡತಿ ಸೊಂಟ ಹಿಡಿದುಕೊಂಡು ನರಳಿದಳು.

ಚಾಲಕ ಗೇರು ಬದಲಾಯಿಸಿದ. ಗಂಡ ಕಿಟಕಿಯಾಚೆ ಮುಖ ತಿರುಗಿಸಿದ. ಪಾಪ, ಆ ಹೆಂಗಸಿನ ಮೇಲೆ ಚಾಲಕನಿಗೆ ಮರುಕವಿತ್ತು. ಆದರೆ ಗುಂಡಿಗೆ ಬೀಳುವುದು ಒಂದೇ ಚಕ್ರವಾದರೂ ಕುಲುಕಾಟ ಎಲ್ಲರ ಪಾಲಿಗೂ ಬರುತ್ತದೆ.

ಇಪ್ಪತ್ತಾರನೆಯ ಗುಂಡಿಯಲ್ಲಿ ಟೈರು ಉಸ್ಸೆಂದಿತು. ಪಂಕ್ಚರ್ ಅಂಗಡಿಯ ಮುಂದೆ ಗುತ್ತಿಗೆದಾರ ಗಡಿಯಾರ ನೋಡುತ್ತ ಅತ್ತಿತ್ತ ತಿರುಗಾಡಿದ. ಚಾಲಕನಿಗೆ ಅವಸರವೇ ಇರಲಿಲ್ಲ.

"ಒಂದು ಚೀಟಿ ಕೊಡಪ್ಪಾ. ಊರ ಹೆಸರು, ತಾರೀಕು, ಹೊತ್ತು ಎಲ್ಲಾ ಬರಿ."

"ಪಂಕ್ಚರ್‌ಗೂ ಚೀಟಿ ಕೇಳೋರನ್ನ ಇವತ್ತೇ ನೋಡಿದ್ದು ಬಿಡಣ್ಣಾ," ಅಂಗಡಿಯವನು ನಕ್ಕು ಬರೆದುಕೊಟ್ಟ.

"ಲೇ, ಮೂರಕ್ಕೆ ನಾನು ಅಲ್ಲಿರಬೇಕು," ಗುತ್ತಿಗೆದಾರ ಗುಡುಗಿದ. "ತಡ ಆದ್ರೆ ನಿನ್ನ ಕೆಲಸ ತೆಗೆಸ್ತೀನಿ."

"ಎಲ್ಲಿಗೆ ತಲುಪಿಸಬೇಕೋ ಅಲ್ಲಿಗೆ ತಲುಪಿಸ್ತೀನಿ ಸಾರ್."

ಮುಂದೆ ಘಾಟಿ. ಎಡಗಡೆ ರಸ್ತೆಯ ಅಂಚೇ ಕಳಚಿ ಬಿದ್ದಿತ್ತು, ಕೆಳಗೆ ಪ್ರಪಾತ. ಸ್ಟಿಯರಿಂಗ್ ಒಂದು ಗೇಣು ತಿರುಗಿದರೆ ಎಲ್ಲ ಮುಗಿಯುತ್ತಿತ್ತು. ತಮ್ಮನ ಖಾಲಿ ಪ್ಯಾಂಟಿನ ಕಾಲು ಕಣ್ಣ ಮುಂದೆ ಬಂತು.

"ಹುಷಾರು, ಹುಷಾರು!" ಹಿಂದಿನಿಂದ ಗುತ್ತಿಗೆದಾರ ಕಿರುಚಿದ.

ಕಾರು ಅಂಚನ್ನು ಸವರಿಕೊಂಡು ದಾಟಿತು. ಚಾಲಕ ಹಲ್ಲು ಕಚ್ಚಿದ. ಇಂಥವನನ್ನು ಅಷ್ಟು ಸುಲಭಕ್ಕೆ ಬಿಡಬಾರದು.

ಎರಡೂ ಮುಕ್ಕಾಲಿಗೆ ಕೋರ್ಟಿನ ಗೇಟು ಬಂತು. ನಲವತ್ತು ಗುಂಡಿಗಳಾಗಿದ್ದವು. ಬಾಡಿಗೆ ಕಾರಿನವರ ಪದ್ಧತಿಯಂತೆ ಚಾಲಕ ಬಂದ ದಾರಿ, ಹೊತ್ತು ಬರೆಯುವ ಟ್ರಿಪ್ ಶೀಟ್ ತುಂಬಿ ಬಾನೆಟ್ಟಿನ ಮೇಲಿಟ್ಟ. "ಓದ್ಕೊಂಡು ಒಂದು ಸಹಿ ಹಾಕಿ ಸಾರ್." ಗುತ್ತಿಗೆದಾರ ಕಿವಿಗೂ ಭುಜಕ್ಕೂ ನಡುವೆ ಫೋನು ಸಿಕ್ಕಿಸಿಕೊಂಡೇ ಸಹಿ ಗೀಚಿದ. ಸೇತುವೆ ಕೆಲಸದ ಲೆಕ್ಕ ಬರೆಯುವ ಅಳತೆ ಪುಸ್ತಕಕ್ಕೂ ಹೀಗೇ ಗೀಚಿರಬೇಕು, ಓದುವ ಅಭ್ಯಾಸ ಅವನಿಗಿರಲಿಲ್ಲ.

ಕಟಕಟೆಯಲ್ಲಿ ಗುತ್ತಿಗೆದಾರನ ಮೈಕೈನೋವು ಮಾಯವಾಗಿತ್ತು. ಸೇತುವೆ ಬಂಡೆಯಂಥದ್ದು, ಲಾರಿಯವನ ದುರಾಸೆಯಿಂದ ಒಂದು ಕಡೆ ಕುಸಿಯಿತು, ಅಷ್ಟನ್ನು ಮತ್ತೆ ಕಟ್ಟಿ ಮೂರು ತಿಂಗಳಾಯಿತು, ಉಳಿದ ಕಂಬಗಳು ನೂರು ವರ್ಷ ನಿಲ್ಲುತ್ತವೆ ಎಂದ. ಊರುಗೋಲು ಹಿಡಿದು ನಿಂತಿದ್ದ ತಮ್ಮ ನೆಲ ನೋಡಿದ.

ತಮ್ಮನ ವಕೀಲರು ಎದ್ದರು. "ಅಷ್ಟು ಗಟ್ಟಿಯಾದ ಸೇತುವೆ ಮೇಲೆ ನೀವು ಓಡಾಡ್ತೀರಾ?"

"ಯಾವಾಗ್ಲೂ. ಇವತ್ತೂ ಹೆಂಡತೀನ ಕೂರಿಸ್ಕೊಂಡು ಹೊಸ ರಸ್ತೇಲಿ, ಅದೇ ಸೇತುವೆ ಮೇಲೇ ಬಂದೆ."

ಹಿಂದಿನ ಬೆಂಚಿನಲ್ಲಿ ಅವನ ಹೆಂಡತಿ ತಲೆ ತಗ್ಗಿಸಿದಳು. ಚಾಲಕ ಆಗಲೇ ತಂದುಕೊಟ್ಟಿದ್ದ ಪಂಕ್ಚರ್ ಅಂಗಡಿಯ ಚೀಟಿಯನ್ನು ವಕೀಲರು ನ್ಯಾಯಾಧೀಶರ ಮುಂದಿಟ್ಟರು. ಅದರ ಮೇಲೆ ಟ್ರಿಪ್ ಶೀಟ್ ಇಟ್ಟರು. ಗುತ್ತಿಗೆದಾರನ ಸಹಿಯ ಮೇಲಿದ್ದ ಸಾಲನ್ನು ನ್ಯಾಯಾಧೀಶರು ಗಟ್ಟಿಯಾಗಿ ಓದಿದರು:

"ಎಷ್ಟೇ ಗುಂಡಿ ಇರಲಿ, ಹಳೇ ರಸ್ತೆಯಲ್ಲೇ ಹೋಗು, ಆ ಸೇತುವೆಯ ಮೇಲೆ ಮಾತ್ರ ಕಾರು ಹತ್ತಿಸಬೇಡ ಎಂದು ಹೊರಡುವಾಗಲೇ ಗಿರಾಕಿಯ ಅಪ್ಪಣೆ."